ಮಗ್ಗ ನಿಲ್ಲದ ಸಂಜೆ

ಮಗ್ಗದಕ್ಕನ ಮನೆಯ ಜಗಳ ಪಕ್ಕದ ಮನೆಗೆ ಕೇಳಿಸುವುದಿಲ್ಲ. ಜಗಳವೇ ಇಲ್ಲವೆಂದಲ್ಲ. ತಾಯಿ ಮಗಳು ಇಬ್ಬರೂ ದನಿಯೆತ್ತದೆ, ಬರೀ ತುಟಿ ಅಲ್ಲಾಡಿಸಿ, ಅದಕ್ಕಿಷ್ಟು ಕೈಸನ್ನೆ ಸೇರಿಸಿ ಕಿತ್ತಾಡುತ್ತಾರೆ. ಆವತ್ತು ಬೆಳಿಗ್ಗೆಯೂ ಹಾಗೇ ಆಯಿತು. ನಡುಮನೆಯ ತೊಟ್ಟಿಲಲ್ಲಿ ಪಾಪು ಆಗಷ್ಟೇ ಕಣ್ಣು ಮುಚ್ಚಿತ್ತು. ಒಲೆಯ ಮುಂದೆ ಅಮ್ಮ, ಬಾಗಿಲಿಗೆ ಒರಗಿಕೊಂಡು ಮಗಳು.

'ಮನೆ ನೋಡ್ಕೊಂಡು ಬಂದ್ವಿ,' ಎಂದವು ಮಗಳ ತುಟಿಗಳು. 'ಹೊಸ ಬಡಾವಣೇಲಿ. ಬಸ್ಸು ಬಾಗಿಲಿಗೇ ಬರುತ್ತೆ. ಬೀದೀಲಿ ದೀಪ ಇದೆ.'

'ನಮ್ಮ ಬೀದೀಲೂ ಇದೆಯಲ್ಲ ದೀಪ.'

'ಕಂಬ ಇದೆ, ದೀಪ ಇದೆ. ಬೆಳಕಿಲ್ಲ.'

'ನಿನ್ನನ್ನ ಇಲ್ಲೇ ಬೆಳೆಸಲಿಲ್ವಾ ನಾನು?'

'ಆಗ ಬೀದಿ ತುಂಬ ಜನ ಇದ್ರು, ಅಮ್ಮ. ಈಗ ಕೆಲಸದಿಂದ ಬರೋವಾಗ ನನ್ನ ಚಪ್ಪಲಿ ಸದ್ದಿಗೆ ನಾನೇ ಬೆಚ್ಚಿಬೀಳ್ತೀನಿ. ನೀನೂ ಬಾ ಅಂತಿದೀನಲ್ಲ. ನಿನ್ನ ಬಿಟ್ಟು ಹೋಗ್ತೀನಿ ಅಂದ್ನಾ?'

'ಅಲ್ಲಿ ನಾನು ಯಾರ ಜೊತೆ ಮಾತಾಡ್ಲಿ?'

'ಜನರ ಜೊತೆ. ಬಾಯಿಬಿಟ್ಟು. ಎಲ್ಲರ ಹಾಗೆ!'

ಮಗ್ಗದಕ್ಕ ಕೈಯಲ್ಲಿದ್ದ ಸೌಟನ್ನು ಪಾತ್ರೆಗೆ ಕುಟ್ಟಿದಳು. ಪಾಪು ಎದ್ದು ಕಿರುಚಿತು. ಜಗಳ ಅಲ್ಲಿಗೇ ನಿಂತಿತು. ಅಳಿಯ ಮಾತ್ರ ಮೂಲೆಯಲ್ಲಿ ಕೂತು ಬೂಟಿನ ದಾರ ಕಟ್ಟುತ್ತಲೇ ಇದ್ದ. ಅವನು ಅತ್ತೆಯೆದುರು ಅತ್ತೆಯ ಪರ, ಹೆಂಡತಿಯೆದುರು ಹೆಂಡತಿಯ ಪರ. ಇಬ್ಬರೂ ಎದುರಿದ್ದರೆ ಬೂಟಿನ ಪರ.

ಈ ಮೂಕಮಾತು ಆ ಬೀದಿಯ ಆಸ್ತಿ. ಎದುರಿಗಿನ ಬಟ್ಟೆ ಗಿರಣಿಯಲ್ಲಿ ಸಾಲು ಸಾಲು ಮಗ್ಗಗಳು ಒಟ್ಟಿಗೆ ಓಡುತ್ತಿದ್ದ ಕಾಲದಲ್ಲಿ, ಪಕ್ಕದವಳ ಕಿವಿಗೆ ಬಾಯಿಟ್ಟು ಅರಚಿದರೂ ಕೇಳಿಸುತ್ತಿರಲಿಲ್ಲ. ಹಾಗಂತ ಹೆಂಗಸರು ಮಾತು ಬಿಡುತ್ತಾರೆಯೇ? ತುಟಿಯನ್ನು ಅಗಲಿಸಿ, ಹುಬ್ಬು ಕುಣಿಸಿ, ಬೆರಳು ಆಡಿಸಿ, ಷೆಡ್ಡಿನ ಈ ಮೂಲೆಯಿಂದ ಆ ಮೂಲೆಗೆ ಮಾತಾಡುವುದನ್ನು ಕಲಿತರು. ಸೊಸೆಯರ ದೂರು, ಅತ್ತೆಯರ ದೂರು, ಯಾರ ಹೊಟ್ಟೆಯಲ್ಲಿ ಕೂಸಿದೆ, ಯಾರ ಒಲೆಯ ಮೇಲೆ ಏನಿದೆ, ಎಲ್ಲವೂ ಮಗ್ಗಗಳ ತಲೆಯ ಮೇಲೆ, ನೂಲು ಹೊತ್ತು ಓಡುವ ಲಾಳಿಯಂತೆ ಹೋಗಿ ಬರುತ್ತಿತ್ತು. ಒಂದೇ ತೊಂದರೆಯೆಂದರೆ ಅಲ್ಲಿ ಗುಟ್ಟು ಎನ್ನುವುದು ಇರಲಿಲ್ಲ. ಕಣ್ಣಿದ್ದವರಿಗೆಲ್ಲ ಕೇಳಿಸುತ್ತಿತ್ತು.

ಮಗ್ಗದಕ್ಕನ ಮದುವೆ ನಿಶ್ಚಯವಾದದ್ದೂ ಹಾಗೆಯೇ. ಎದುರುಸಾಲಿನಲ್ಲಿ ಮಗ್ಗ ರಿಪೇರಿ ಮಾಡುತ್ತಿದ್ದ ಹುಡುಗ ಒಂದು ದಿನ ಸ್ಪ್ಯಾನರ್ ಹಿಡಿದುಕೊಂಡೇ, 'ನನ್ನ ಮದುವೆ ಆಗ್ತೀಯಾ?' ಎಂದು ತುಟಿಯಲ್ಲಿ ಕೇಳಿದ. ಇಡೀ ಸಾಲು ನೋಡಿತು. 'ಊಟದ ಬೆಲ್ ಆಗ್ಲಿ, ಹೇಳ್ತೀನಿ,' ಎಂದಳು ಇವಳು. ಬೆಲ್ಲಿನ ತನಕ ಯಾರಿಗೆ ತಾಳ್ಮೆ? 'ಹೂಂ ಅನ್ನೇ! ಹೂಂ ಅನ್ನೇ!' ಎಂದು ನಾಲ್ಕೂ ದಿಕ್ಕಿನಿಂದ ತುಟಿಗಳು ಪೀಡಿಸಿದವು. ಮಗ್ಗ ಓಡುತ್ತಿರುವಾಗಲೇ ಇವಳು ಹೂಂ ಅಂದಳು. ಆ ಹೂಂ ಅವಳ ಕಿವಿಗೇ ಕೇಳಿಸಿರಲಿಲ್ಲ.

ಆಮೇಲೆ ಗಿರಣಿ ಮುಚ್ಚಿತು. ಗಂಡ ತೀರಿಕೊಂಡ. ಮಗ್ಗಗಳನ್ನು ಗುಜರಿಯವರು ಲಾರಿಗಟ್ಟಲೆ ಹೊತ್ತೊಯ್ದರು. ಬೀದಿಯ ಅಂಗಡಿಗಳು ಒಂದೊಂದಾಗಿ ಬಾಗಿಲೆಳೆದುಕೊಂಡವು. ಇಳಿಯುವವರಿಲ್ಲದೆ ಬಸ್ಸು ಇತ್ತ ತಿರುಗುವುದನ್ನೇ ಬಿಟ್ಟಿತು. ಮಗ್ಗದಕ್ಕ ಮನೆಯ ಮುಂದಿನ ಕಿಟಕಿಗೆ ಹಲಗೆ ಬಡಿದು ಟೀ ಮಾರತೊಡಗಿದಳು. ಗಿರಾಕಿಗಳೆಂದರೆ ಚಪ್ಪಲಿ ಹೊಲಿಯುವ ಮುದುಕ, ಗಿರಣಿ ಗೇಟಿನ ಕಾವಲುಗಾರ, ಮತ್ತು ಹಳೇ ಗೆಳತಿ ಲಾಳಿ. ಅವಳಿಗೆ ಆ ಹೆಸರು ಬಿದ್ದದ್ದು ಕೂತಲ್ಲಿ ಕೂರದ ಕಾಲಿನಿಂದ.

ನಾಟಕದವರು ಬರುತ್ತಾರೆಂಬ ಸುದ್ದಿಯನ್ನು ತಂದವಳೂ ಲಾಳಿಯೇ.

"ಗಿರಣಿ ಷೆಡ್ಡಲ್ಲಿ ನಾಟಕ ಆಡ್ತಾರಂತೆ ಕಣೇ! ನಗರಸಭೆಯವರು ಪರ್ಮಿಶನ್ ಕೊಟ್ಟಿದಾರಂತೆ. ಮೊದಲ್ನೇ ಆಟ ಅವರ ಮೇಡಂ ಬಂದು ನೋಡ್ತಾರಂತೆ. ಜನ ಸೇರಿದ್ರೆ, ಬೀದಿಗೆ ಏನಾದ್ರೂ ಒಳ್ಳೇದಾಗುತ್ತೆ ಅನ್ನಿಸಿದ್ರೆ, ಷೆಡ್ಡು ಇವರಿಗೇ."

"ಇಲ್ದಿದ್ರೆ?"

"ಒಡೆದು ಲಾರಿ ನಿಲ್ಸೋ ಜಾಗ ಮಾಡ್ತಾರಂತೆ."

ಮಗಳಿಗೆ ಇದು ಗೊತ್ತಾಗುವುದಕ್ಕೆ ಹೊತ್ತಾಗಲಿಲ್ಲ. ಪಾಪುವಿನ ಬಟ್ಟೆ ಮಡಿಸುತ್ತ ಅವಳು ಗಟ್ಟಿಯಾಗಿಯೇ ಹೇಳಿದಳು: "ಲಾರಿ ಬಂದ ಮಾರನೇ ದಿನವೇ ಗಂಟುಮೂಟೆ ಕಟ್ಟೋದು, ಅಮ್ಮ. ಈ ಮಗು ಅಂಬೆಗಾಲಿಡೋಕೆ ಶುರುಮಾಡಿದೆ. ಬಾಗಿಲಲ್ಲಿ ಲಾರಿ ಓಡಾಡೋ ಜಾಗದಲ್ಲಿ ಒಂದು ದಿನಾನೂ ಇರಲ್ಲ."

"ಬರ್ದಿದ್ರೆ?"

"ನಾಟಕ ಆಡಿದ್ರೆ ಬೀದಿದೀಪ ಹತ್ತುತ್ತಾ?" ಎಂದವಳು, ಅಮ್ಮನ ಮುಖ ನೋಡಿ ಸ್ವಲ್ಪ ಇಳಿದಳು. "ಸರಿ, ಬರ್ದಿದ್ರೆ ಆಮೇಲೆ ನೋಡೋಣ."

ಮುಳುಗುವವರಿಗೆ ಹುಲ್ಲುಕಡ್ಡಿಯೂ ಆಸರೆ. ಆ 'ನೋಡೋಣ'ವನ್ನು ಮಗ್ಗದಕ್ಕ ಗಟ್ಟಿಯಾಗಿ ಹಿಡಿದುಕೊಂಡಳು.

ನಾಟಕದವರು ಬಂದು ಷೆಡ್ಡಿನ ಬೀಗ ತೆಗೆಸಿದ ದಿನ ಹೊರಗೆ ಬಂದದ್ದು ಪಾರಿವಾಳಗಳ ಹಿಂಡು. ಹಿಂದೆಯೇ ಧೂಳು. ಆ ಧೂಳಿನ ಹಿಂದೆ ಒಬ್ಬ ಉದ್ದನೆಯ ಹುಡುಗ, ಹೆಗಲ ಮೇಲೆ ಬಿಳಿ ಟವೆಲ್. ಅವನೇ ನಾಟಕ ಮಾಡಿಸುವವನು. ಅವನ ಎತ್ತರ ನೋಡಿ ಲಾಳಿ ಆ ಕ್ಷಣದಲ್ಲೇ 'ಏಣಿ' ಎಂದು ಹೆಸರಿಟ್ಟಳು. ಸಂಜೆಯೊಳಗೆ ಬೀದಿಯೆಲ್ಲ ಹಾಗೇ ಕರೆಯಿತು. ಜೊತೆಗೆ ದಪ್ಪ ಕನ್ನಡಕದ ಒಬ್ಬ ಹುಡುಗಿ, ಗುಂಗುರು ಕೂದಲಿನ ಒಬ್ಬ ಹುಡುಗ, ಇನ್ನಷ್ಟು ಮಂದಿ. ಗುಡಿಸಿ ಗುಡಿಸಿ ಸಾಕಾಗಿ ಗೇಟಿನ ಬಳಿ ಕೂತು, ಮಗ್ಗದಕ್ಕ ಕೊಟ್ಟ ಟೀ ಕುಡಿದರು. ರಸ್ತೆಯ ಆಚೆ ಕನ್ನಡಕದವಳು ಗುಂಗುರು ಕೂದಲಿನವನ ಕಡೆ ಬಾಗಿ ಪಿಸುಗುಟ್ಟಿದಳು.

ಎರಡನೇ ಸಲ ಟೀ ಬಂದಾಗ ಅದು ಕಪ್ಪಗೆ, ನಾಲಗೆ ಮೇಲೆ ನಿಲ್ಲುವ ಹಾಗಿತ್ತು.

"ಇದು ಪಾತ್ರೆ ತೊಳೆದ ನೀರಿಗಿಂತ ವಾಸಿನಾ, ನೋಡಮ್ಮ," ಎಂದಳು ಮಗ್ಗದಕ್ಕ.

ಹುಡುಗಿಯ ಮುಖ ಕೆಂಪಾಯಿತು. "ಅಯ್ಯೋ ಅಕ್ಕಾ... ಅಷ್ಟು ದೂರದಿಂದ ಕೇಳಿಸ್ತಾ?"

"ಕೇಳಿಸ್ಲಿಲ್ಲ, ಕಾಣಿಸ್ತು."

ಏಣಿ ಲೋಟ ಕೆಳಗಿಟ್ಟ. ಆಮೇಲೆ ಅವನು ಮಗ್ಗದಕ್ಕನನ್ನು ಬಿಡಲಿಲ್ಲ. ಮಾರನೇ ದಿನದಿಂದ ಷೆಡ್ಡಿನಲ್ಲಿ ಬೆಳಿಗ್ಗೆಯ ಮೊದಲ ಪಾಠ ಅವಳದು. "ತುಟಿ ಕಚ್ಕೊಂಡು ಮಾತಾಡ್ಬೇಡ, ಅಗಲಿಸು. ಬರೀ ಬಾಯಲ್ಲ, ಕೆನ್ನೇನೂ ಮಾತಾಡ್ಬೇಕು. ಏಯ್ ಗುಂಗ್ರು, ನಿನ್ನ ಮೀಸೆ ಅರ್ಧ ಮಾತನ್ನ ನುಂಗುತ್ತೆ, ಬೋಳಿಸ್ಕೊಂಡು ಬಾ." ಲಾಳಿ ಉಳಿದ ಗೆಳತಿಯರನ್ನೂ ಎಬ್ಬಿಸಿಕೊಂಡು ಬಂದಳು. ಊರ ಬೇರೆ ಬೇರೆ ಮೂಲೆಗೆ ಚದುರಿದ್ದ ಗಿರಣಿಯವರು, ಬಸ್ಸಿಳಿದು ಅಷ್ಟು ದೂರ ನಡೆದು ಬಂದರು. ಅವರು ಹೇಳಿದ ಕತೆಗಳೇ ನಾಟಕವಾದವು. ಬಂದವರು ಸುಮ್ಮನೆ ಹೋಗುವುದುಂಟೆ? ಚಪ್ಪಲಿಯವನ ಹತ್ತಿರ ಕಿತ್ತ ಚಪ್ಪಲಿ ಬಿಟ್ಟರು, ಟೀ ಕುಡಿದರು, ಮುಚ್ಚಿದ್ದ ದರ್ಜಿ ಅಂಗಡಿಯ ಬಾಗಿಲು ತಟ್ಟಿ "ಇನ್ನೂ ಇದೀಯೇನಪ್ಪಾ?" ಅಂದರು. ಪರದೆ ಹೊಲಿಯಬೇಕಿತ್ತು, ದರ್ಜಿ ಮಿಷನ್ನಿನ ಮೇಲಿನ ಗೋಣಿಚೀಲ ತೆಗೆದ. ತಂಡದಲ್ಲಿ ಬಣ್ಣದ ಕೆಲಸ ಕಲಿಯುತ್ತಿದ್ದ ಹುಡುಗಿಯರು ಮುಚ್ಚಿದ ಅಂಗಡಿಗಳ ಷಟರಿನ ಮೇಲೆ ಒಳಗೆ ಮೊದಲು ಏನು ಮಾರುತ್ತಿದ್ದರೋ ಅದನ್ನೇ ಬರೆದರು: ಗುಂಡಿ, ಬಳಪ, ಸೀಮೆಎಣ್ಣೆ ಸ್ಟೌ. ಮಗಳು ಕೆಲಸದಿಂದ ಬರುತ್ತ ಆ ಸ್ಟೌ ಎದುರು ಸ್ವಲ್ಪ ಹೊತ್ತು ನಿಂತದ್ದನ್ನು ಮಗ್ಗದಕ್ಕ ಕಿಟಕಿಯಿಂದ ನೋಡಿದಳು. ನೋಡದವಳಂತೆ ಸಕ್ಕರೆ ಡಬ್ಬಿ ಒರೆಸಿದಳು.

ಷೆಡ್ಡಿನ ಹಿಂದುಗಡೆ ಒಂದೇ ಒಂದು ಮಗ್ಗ ಉಳಿದಿತ್ತು. ಗೋಡೆ ಒಡೆಯದೆ ಅದು ಆಚೆ ಬರುತ್ತಿರಲಿಲ್ಲವಾದ್ದರಿಂದ ಗುಜರಿಯವರು ಬಿಟ್ಟು ಹೋಗಿದ್ದರು. ಏಣಿ ಅದರ ಸುತ್ತಲೇ ರಂಗ ಕಟ್ಟಿಸಿದ. ಮಗ್ಗದಕ್ಕ ಅದಕ್ಕೆ ಎಣ್ಣೆ ಬಿಟ್ಟು, ತುಕ್ಕು ಉಜ್ಜಿ, ಬೈದು, ಮುದ್ದಿಸಿ, ಕೊನೆಗೂ ಓಡಿಸಿದಳು. ತಗಡಿನ ಮಾಡಿನಡಿ ಅದೊಂದೇ ಸಾಲುಮಗ್ಗಗಳಷ್ಟು ಸದ್ದು ಮಾಡಿತು. ನಾಟಕದ ಹುಡುಗರು ಕಿವಿ ಮುಚ್ಚಿಕೊಂಡರು. ಅವಳಿಗೆ ಮಾತ್ರ ಬಿಗಿದ ಚಪ್ಪಲಿ ಕಳಚಿಟ್ಟ ಹಾಗಾಯಿತು.

ಜಗಳವಾದದ್ದು ಮದುವೆ ಕೇಳುವ ದೃಶ್ಯದ ಬಗ್ಗೆ.

"ಮೊದಲು ಮಗ್ಗ ಓಡ್ಸಿ ಅಕ್ಕಾ," ಎಂದ ಏಣಿ. "ಜನಕ್ಕೆ ಆ ಸದ್ದು ಗೊತ್ತಾಗ್ಲಿ. ಆಮೇಲೆ ನಾನು ಆ ಕಡೆ ಪರದೆ ಹತ್ರ ನಿಂತು ಟವೆಲ್ ಬೀಸ್ತೀನಿ. ನೀವು ಮಗ್ಗ ನಿಲ್ಸಿ. ಆಮೇಲೆ ಗುಂಗ್ರು ಮದುವೆ ಮಾತು ಕೇಳ್ತಾನೆ."

"ಆವತ್ತು ಮಗ್ಗ ನಿಂತಿರ್ಲಿಲ್ಲ ಕಣಪ್ಪ."

"ನಿಲ್ಸದಿದ್ರೆ ಜನಕ್ಕೆ ಏನು ಕೇಳಿಸುತ್ತೆ?"

"ನಿಲ್ಸಿದ್ರೆ ಅವನು ಯಾಕೆ ತುಟೀಲಿ ಕೇಳ್ತಾನೆ? ಹತ್ರ ಬಂದು ಕೇಳಬಹುದಿತ್ತಲ್ಲ!"

"ಅಕ್ಕಾ, ಅದು ನಿಜ. ಇದು ನಾಟಕ."

ಮೇಡಂ ಬರುವ ದಿನ ಎಡವಟ್ಟಾಗಬಾರದು ಎಂದು ಅವಳು ಒಪ್ಪಿದಳು. ಟವೆಲ್ ಕಂಡ ಕೂಡಲೇ ಹಿಡಿ ಒತ್ತಿ ಮಗ್ಗ ನಿಲ್ಲಿಸುವುದನ್ನು ಎಷ್ಟೋ ಸಲ ಅಭ್ಯಾಸ ಮಾಡಿದಳು. ಒಂದು ಸಲವೂ ತಪ್ಪಲಿಲ್ಲ.

ಆಟದ ಸಂಜೆ ಬೀದಿಗೆ ಜನ ಬಂದರು. ಗಿರಣಿಯವರು, ಅವರ ಮಕ್ಕಳು, ಮೊಮ್ಮಕ್ಕಳು, ಷಟರ್ ಚಿತ್ರ ನೋಡಲು ಬಂದು ಹಾಗೇ ನಿಂತವರು. ನಗರಸಭೆಯ ಮೇಡಂ ಮುಂದಿನ ಸಾಲಿನಲ್ಲಿ ಕೂತರು. ಬಿಗಿಯಾದ ಮುಖ, ಮಡಿಲಲ್ಲಿ ಚೀಲ. ಪಕ್ಕದ ಕುರ್ಚಿಯಲ್ಲಿ ಪಾಪುವನ್ನೆತ್ತಿಕೊಂಡು ಮಗಳು. ಮಗು ಅತ್ತರೆ ಎದ್ದುಹೋಗಲು ಬಾಗಿಲಿಗೆ ಹತ್ತಿರವೆಂದು ಅವಳು ಆ ಜಾಗ ಹಿಡಿದಿದ್ದಳು. ಅಳಿಯ ಹಿಂದಿನ ಸಾಲಿನಲ್ಲಿ ಹಾಲಿನ ಬಾಟಲಿಯೊಂದಿಗೆ.

ಮಗ್ಗ ಓಡಿತು. ಷೆಡ್ಡಿಗೆ ಷೆಡ್ಡೇ ನಡುಗಿತು. ಹಿಂದಿನ ಸಾಲಿನಲ್ಲಿ ಒಬ್ಬ ಮುದುಕ ಕಣ್ಣು ಒರೆಸಿಕೊಂಡ. ಮಗ್ಗದಕ್ಕನ ಪಾತ್ರದ ಕನ್ನಡಕದವಳ ಎದುರು, ಗುಂಗುರು ಕೂದಲಿನವನು ಕೈಯಲ್ಲಿ ಸ್ಪ್ಯಾನರ್ ಹಿಡಿದು ಬಂದು ನಿಂತ. ಮೀಸೆ ಬೋಳಿಸಿದ್ದ. ಯಾಕೋ ಆ ಬೆಳಕಿನಲ್ಲಿ ಅವನ ನಿಲುವು, ಒಂದು ಭುಜ ತಗ್ಗಿಸಿ ನಿಲ್ಲುವುದು, ಮಗ್ಗದಕ್ಕನಿಗೆ ಗಂಡನ ಹಾಗೇ ಕಂಡಿತು. ಅವಳ ಕಣ್ಣು ಅವನ ತುಟಿಗೆ ಅಂಟಿಕೊಂಡಿತು.

ಆ ಕಡೆ ಏಣಿ ಟವೆಲ್ ಬೀಸಿದ. ಮಗ್ಗ ನಿಲ್ಲಲಿಲ್ಲ. ಮತ್ತೆ ಬೀಸಿದ. ಒದ್ದೆ ಬಟ್ಟೆ ಕೊಡವುವವನ ಹಾಗೆ ಎರಡೂ ಕೈಯಲ್ಲಿ ಕೊಡವಿದ. ಮಗ್ಗದಕ್ಕನಿಗೆ ಅವನೂ ಕಾಣಲಿಲ್ಲ, ಅವನ ಟವೆಲ್ಲೂ ಕಾಣಲಿಲ್ಲ. ಗುಂಗುರು ಕೂದಲಿನವನಿಗೆ ಮಾತಿನ ಸರದಿ ಬಂದಿತ್ತು. ಹುಡುಗ ಎದೆಗುಂದದೆ, ಅವಳು ಕಲಿಸಿದ ಹಾಗೇ ಕೆನ್ನೆ ತುಂಬ ಕೇಳಿದ: 'ನನ್ನ ಮದುವೆ ಆಗ್ತೀಯಾ?'

ಅವಳಿಗೆ ಅದು ಸ್ಪಷ್ಟವಾಗಿ ಕೇಳಿಸಿತು. ಒಂದಕ್ಷರ ಬಿಡದೆ ಕೇಳಿಸಿತು. ಹಾಗೆ ಕೇಳಿಸಿದ್ದರಿಂದಲೇ ಮಗ್ಗ ಇನ್ನೂ ಓಡುತ್ತಿದೆ ಎಂಬುದು ಅವಳ ಗಮನಕ್ಕೆ ಬರಲಿಲ್ಲ. ಎಲ್ಲ ಸರಿಯಾಗಿಯೇ ನಡೆಯುತ್ತಿದೆ ಎಂದುಕೊಂಡು ಅವಳು ಕತ್ತು ಚಾಚಿ ನೋಡುತ್ತ ನಿಂತಳು.

ತಾನೇ ಹೋಗಿ ನಿಲ್ಲಿಸೋಣವೆಂದು ಏಣಿ ಮಂಡಿಯೂರಿ ರಂಗದ ಹಿಂದಿನಿಂದ ತೆವಳತೊಡಗಿದ. ಅಷ್ಟು ಉದ್ದದ ಆಳು ತೆವಳುವುದೆಂದರೆ ಸಾಮಾನ್ಯವೇ? ಅರ್ಧ ದಾರಿಯಲ್ಲಿ ತಲೆಯೆತ್ತಿ ಸಭೆಯ ಕಡೆ ನೋಡಿದ. ಅಲ್ಲೇ ಉಳಿದ.

ಸಭೆಯಲ್ಲಿ ಗಿರಣಿಯ ಮಂದಿಯೆಲ್ಲ ನಗುತ್ತಿದ್ದರು. ಅವರಿಗೆ ಮಾತು ತಲುಪಿತ್ತು. ಕನ್ನಡಕದವಳು, 'ಊಟದ ಬೆಲ್ ಆಗ್ಲಿ, ಹೇಳ್ತೀನಿ,' ಎಂದದ್ದೇ ತಡ, ಲಾಳಿ ಕುರ್ಚಿಯಿಂದ ಎದ್ದು ನಿಂತು ಎರಡೂ ಕೈಯೆತ್ತಿ ತುಟಿಯಲ್ಲಿ ಕೂಗಿದಳು: 'ಹೂಂ ಅನ್ನೇ!' ಮೂಲೆ ಮೂಲೆಯಿಂದ ಮುದುಕಿಯರು ಎದ್ದರು. 'ಹೂಂ ಅನ್ನೇ! ಹೂಂ ಅನ್ನೇ!' ಇದು ನಾಟಕದಲ್ಲಿ ಇರಲಿಲ್ಲ. ಕನ್ನಡಕದವಳು ಒಂದು ಗಳಿಗೆ ತಬ್ಬಿಬ್ಬಾದಳು. ಆಮೇಲೆ ಸೊಂಟದ ಮೇಲೆ ಕೈಯಿಟ್ಟು ಅವರ ಕಡೆಗೇ ತಿರುಗಿ, 'ಇರ್ರೇ, ನಿಮಗೇನು ಅವಸರ?' ಎಂದಳು. ಮತ್ತೆ ನಗು. ತುಟಿ ಓದಲು ಬಾರದ ಮಕ್ಕಳು ಅಜ್ಜಿಯರ ಸೆರಗು ಜಗ್ಗಿದರು: ಏನಂದ್ಲು? ಏನಂದ್ಲು? ಅಜ್ಜಿಯರು ಕಿವಿಗೆ ಬಾಯಿಟ್ಟು ಅರಚಿದರು. ಪಕ್ಕದವರು ಪಕ್ಕದವರಿಗೆ, ಅವರು ಹಿಂದಿನವರಿಗೆ ದಾಟಿಸಿದರು. ಗುರುತಿಲ್ಲದ ಜನ ಒಬ್ಬರ ಹೆಗಲ ಮೇಲೊಬ್ಬರು ಕೈಯಿಟ್ಟು ಬಾಗಿದ್ದರು.

ಮುಂದಿನ ಸಾಲಿನಲ್ಲಿ ನಗರಸಭೆಯ ಮೇಡಂ ಪಕ್ಕದಲ್ಲಿದ್ದ ಮಗ್ಗದಕ್ಕನ ಮಗಳ ತೋಳು ಹಿಡಿದು ಏನಂದರೆಂದು ಕೇಳುತ್ತಿದ್ದರು. ಚಿಕ್ಕಂದಿನಲ್ಲಿ ಅಪ್ಪ ಅಮ್ಮನ ಸದ್ದಿಲ್ಲದ ಜಗಳಗಳನ್ನು ಹಾಸಿಗೆಯಿಂದ ಕದ್ದು ನೋಡಿ ಆ ಮಾತು ಕಲಿತ ಮಗಳು, ಮೇಡಂ ಕಿವಿಗೆ ಬಾಯಿಟ್ಟು ಒಂದೊಂದೇ ಮಾತು ಹೇಳುತ್ತಿದ್ದಳು. ಹೇಳುತ್ತ ಹೇಳುತ್ತ ಅವಳ ಮುಖ ಬೇರೆಯೇ ಆಗಿತ್ತು. ಅಪ್ಪ ಅಮ್ಮನನ್ನು ಕೇಳಿದ್ದು ಹೀಗೆ ಎಂದು ಅವಳಿಗೆ ಕತೆ ಗೊತ್ತಿತ್ತು. ನೋಡಿದ್ದು ಇದೇ ಮೊದಲು.

ಆಗ ಮಗ್ಗದಕ್ಕ ಮಗಳ ಮಡಿಲು ನೋಡಿದಳು. ಪಾಪು ಅಳುತ್ತಿತ್ತು. ಬಾಯಿ ಕಿವಿಯ ತನಕ ತೆರೆದಿತ್ತು, ಮುಖ ಟೊಮೇಟೊ ಆಗಿತ್ತು, ಕಣ್ಣಿಂದ ನೀರು ಇಳಿಯುತ್ತಿತ್ತು. ಸದ್ದು ಮಾತ್ರ ಇಲ್ಲ. ನಾಟಕದ ಮಾತನ್ನೆಲ್ಲ ಕೇಳಿಸಿಕೊಂಡ ಅವಳಿಗೆ ಮಗುವಿನ ಅಳು ಯಾಕೆ ಕೇಳಿಸುತ್ತಿಲ್ಲ?

ಅಯ್ಯೋ! ಮಗ್ಗ!

ಅವಳ ಕೈ ತಾನಾಗಿ ಹೋಗಿ ಹಿಡಿ ಒತ್ತಿತು. ಮಗ್ಗ ನಿಂತಿತು. ದಿಢೀರನೆ ಮೌನವಾದ ಷೆಡ್ಡಿನ ತುಂಬ ಪಾಪುವಿನ ಕಿರುಚಾಟ ಒಂದೇ ಮೊಳಗಿತು. ಜನ ಘೊಳ್ಳೆಂದು ನಕ್ಕರು. ಅಳಿಯ ಸಾಲು ದಾಟಿ ಬಾಟಲಿ ತುರುಕಿದ; ಅಳು ನಿಂತಿತು. ಆ ನಿಶ್ಶಬ್ದದಲ್ಲಿ ಕನ್ನಡಕದವಳು ಗುಂಗುರು ಕೂದಲಿನವನ ಕಡೆ ನೋಡಿ, ಕಡೆಯ ಸಾಲಿಗೂ ಕೇಳುವ ಹಾಗೆ ಹೇಳಿದಳು:

"ಹೂಂ."

ಅಷ್ಟು ವರ್ಷದ ಮೇಲೆ ಮಗ್ಗದಕ್ಕನ ಕಿವಿಗೆ ಆ ಹೂಂ ಬಿತ್ತು.

ಚಪ್ಪಾಳೆ ಅವಳಿಗೆ ಕೇಳಿಸಲಿಲ್ಲ. ಎಲ್ಲ ಹಾಳುಮಾಡಿದೆ, ಇನ್ನು ಲಾರಿ ಬರುತ್ತದೆ, ಮನೆ ಖಾಲಿ ಮಾಡುವುದೇ ಎಂದುಕೊಂಡು, ಆಟ ಮುಗಿದದ್ದೇ ಹಿಂಬಾಗಿಲಿಂದ ಹೊರಟು ಕಿಟಕಿ ಸೇರಿ ಒಲೆ ಹಚ್ಚಿದಳು. ದುಃಖವಾದಾಗ ಹಾಲು ಕಾಯಿಸುವುದು ಅವಳ ಅಭ್ಯಾಸ. ಏಣಿ ಓಡಿಬಂದ. ಮಂಡಿಯೆಲ್ಲ ಧೂಳು.

"ಬೈಬೇಡಪ್ಪ. ನಂಗೆ ಕೇಳಿಸ್ತಾ ಇತ್ತು. ಅದಕ್ಕೇ ಮರೆತೆ," ಎಂದಳು ಮಗ್ಗದಕ್ಕ, ತಲೆಯೆತ್ತದೆ.

"ಬೈಯೋಕೆ ಬಂದಿಲ್ಲ ಅಕ್ಕಾ. ನಾಳೆನೂ ನಿಲ್ಲಿಸ್ಬೇಡಿ ಅಂತ ಹೇಳೋಕೆ ಬಂದೆ! ನೀವು ಹೇಳಿದ್ದೇ ಸರಿ. ಆವತ್ತು ನಿಂತಿರ್ಲಿಲ್ಲ, ಈಗ್ಲೂ ನಿಲ್ಲೋದು ಬೇಡ."

ಅವಳು ಅವನ ಮುಖ ನೋಡಿದಳು. ಹುಡುಗ ತಮಾಷೆ ಮಾಡುತ್ತಿರಲಿಲ್ಲ. "ಆದ್ರೆ ನಾಳೆ ಪಾಪು ಸರಿಯಾದ ಹೊತ್ತಿಗೆ ಅಳುತ್ತೆ ಅಂತ ನಾನು ಹೇಳಲಾರೆ," ಎಂದಳು.

ಅವನ ಹಿಂದೆ ಮೇಡಂ ಬಂದು ನಿಂತಿದ್ದರು. ಬಿಗಿಮುಖ ಸಡಿಲವಾಗಿತ್ತು. ಅಂಗೈಯಲ್ಲಿ ಚಿಟಿಕೆ ತೋರಿಸಿ, ತುಟಿಯನ್ನು ಅತ್ತಿತ್ತ ತಿರುಚಿ ಏನೋ ಹೇಳಿದರು.

"ಸಕ್ಕರೆ ಕಡಿಮೆನಾ?"

"ಹೌದು! ನಿಮ್ಮ ಮಗಳು ಹೇಳಿಕೊಟ್ರು." ಲೋಟ ತೆಗೆದುಕೊಂಡು ಅವರು ಬೀದಿಯುದ್ದಕ್ಕೂ ಕಣ್ಣುಹಾಯಿಸಿದರು. ನಾಟಕ ಮುಗಿದರೂ ಜನ ಹೋಗಿರಲಿಲ್ಲ. ಷಟರುಗಳೆದುರು ನಿಂತು, ಕತ್ತಲಾಗುತ್ತಿದ್ದರೂ ಮೊಬೈಲ್ ಬೆಳಕಿನಲ್ಲಿ ಮಕ್ಕಳಿಗೆ ಸ್ಟೌ ತೋರಿಸುತ್ತಿದ್ದರು. "ನನ್ನ ಕೈಲಿರೋದು ಶಿಫಾರಸು ಬರೆಯೋದಷ್ಟೇ ಅಕ್ಕಾ. ಲಾರಿಗೆ ಬೇರೆ ಎಲ್ಲಾದ್ರೂ ಜಾಗ ಸಿಗುತ್ತೆ ಅಂತ ಬರೀತೀನಿ. ಆದ್ರೆ ಇಲ್ಲಿ ಇಷ್ಟು ಕತ್ತಲೆ ಯಾಕೆ?"

"ಅದನ್ನ ನೀವೇ ಹೇಳ್ಬೇಕು ಮೇಡಂ," ಎಂದಳು ಲಾಳಿ, ಎಲ್ಲಿಂದಲೋ ಪ್ರತ್ಯಕ್ಷಳಾಗಿ.

ಲಾರಿ ಬರಲಿಲ್ಲ. ಷೆಡ್ಡು ನಾಟಕದವರ ಕೈಯಲ್ಲೇ ಉಳಿಯಿತು. ಅಲ್ಲಿ ವಾರಕ್ಕೊಮ್ಮೆ ಆಟ. ಉಳಿದ ದಿನ ದರ್ಜಿ ಹೊಲಿಗೆ ಕಲಿಸುತ್ತಾನೆ, ಮುದುಕಿಯರು ತುಟಿಮಾತು ಕಲಿಸುತ್ತಾರೆ. ಕಿವಿ ಮಂದವಾದ ಯಾರ್ಯಾರೋ ಕೇಳಿಕೊಂಡು ಬರುತ್ತಾರೆ. ಬೀದಿಯೇನೂ ಸ್ವರ್ಗವಾಗಲಿಲ್ಲ. ದೀಪಗಳಲ್ಲಿ ಗೇಟಿನ ಬಳಿಯದು ಮತ್ತು ತಿರುವಿನದು ಮಾತ್ರ ಉರಿಯುತ್ತವೆ. ಗುಂಡಿ ಅಂಗಡಿ ಇನ್ನೂ ಚಿತ್ರವಾಗಿಯೇ ಇದೆ. ಆದರೆ ಬಸ್ಸು ಮತ್ತೆ ಇತ್ತ ತಿರುಗುತ್ತದೆ.

ಮಗಳು ಮಾತ್ರ 'ನೋಡೋಣ'ದಿಂದ ಮುಂದೆ ಹೋಗಿರಲಿಲ್ಲ. ಹೊಸ ಬಡಾವಣೆಯ ಮನೆಯವರಿಗೆ ಉತ್ತರ ಹೇಳುವ ದಿನ ಹತ್ತಿರವಾಗುತ್ತಿತ್ತು. ಮಗ್ಗದಕ್ಕ ಕೇಳಲಿಲ್ಲ. ಕೇಳಿದರೆ ಒತ್ತಾಯ ಮಾಡಿದ ಹಾಗಾಗುತ್ತದೆಂದು ಮನೆಯಲ್ಲಿ ತುಟಿ ಬಿಗಿಹಿಡಿದೇ ಓಡಾಡಿದಳು. ಆ ಮನೆಯಲ್ಲಿ ಬಿಗಿದ ತುಟಿಗಿಂತ ಜೋರಾದ ಮಾತು ಬೇರೆ ಯಾವುದಿದೆ?

ಒಂದು ಬೆಳಿಗ್ಗೆ ಮಗಳು ಕೆಲಸಕ್ಕೆ ಹೊರಟು, ಕಿಟಕಿಯೆದುರೇ ಬಸ್ಸು ಹತ್ತಿ ಕೂತಳು. ಪಾಪು ಅಜ್ಜಿಯ ಸೊಂಟದ ಮೇಲಿತ್ತು. ಬಸ್ಸಿನ ಇಂಜಿನ್ ಗುಡುಗುಟ್ಟುತ್ತಿತ್ತು. ಗಾಜಿನ ಆಚೆಯಿಂದ ಮಗಳ ತುಟಿಗಳು ಅಂದವು: 'ಆ ಮನೆಯವರಿಗೆ ಬೇಡ ಅಂದ್ವಿ. ನಾವೆಲ್ಲೂ ಹೋಗಲ್ಲ.'

ಮಗ್ಗದಕ್ಕ ಓದಿಕೊಂಡಳು. ಒಂದಕ್ಷರ ಬಿಡದೆ ಓದಿಕೊಂಡಳು. ಆಮೇಲೆ ಕಿವಿಗೆ ಕೈಯಿಟ್ಟು, "ಏನು? ಕೇಳಿಸ್ಲಿಲ್ಲ!" ಎಂದು ಕೂಗಿದಳು.

ಮಗಳು ಮತ್ತೆ ತುಟಿಯಲ್ಲಿ ಹೇಳಿದಳು.

"ಕೇಳಿಸ್ಲಿಲ್ಲಮ್ಮಾ! ಬಾಯಿಬಿಟ್ಟು ಹೇಳು, ಎಲ್ಲರ ಹಾಗೆ!"

ಮಗಳಿಗೆ ಅರ್ಥವಾಯಿತು. ನಗು ತಡೆಯಲಾರದೆ ಗಾಜು ಸರಿಸಿ, ಕತ್ತು ಆಚೆ ಹಾಕಿ, ಬಸ್ಸಿನಲ್ಲಿದ್ದವರೆಲ್ಲ ತಿರುಗಿ ನೋಡುವ ಹಾಗೆ ಅರಚಿದಳು: "ನಾವೆಲ್ಲೂ ಹೋಗಲ್ಲ ಅಮ್ಮಾ! ಇಲ್ಲೇ ಇರ್ತೀವಿ!"

ಬಸ್ಸು ಹೊರಟಿತು. ಹಲಗೆಯ ಮೇಲೆ ಮೊಣಕೈಯೂರಿ ಟೀ ಕುಡಿಯುತ್ತಿದ್ದ ಲಾಳಿ ಗೆಳತಿಯನ್ನು ದುರುಗುಟ್ಟಿ ನೋಡಿದಳು.

"ನಾಚಿಕೆಯಾಗಲ್ವೇನೇ ನಿಂಗೆ? ಕಿವುಡಿ ಹಾಗೆ ಆಡ್ತೀಯಲ್ಲ. ನಂಗೇ ಮೊದಲ್ನೇ ಸಲಕ್ಕೇ ಗೊತ್ತಾಯ್ತು."

"ನಂಗೂ ಗೊತ್ತಾಯ್ತು," ಎಂದಳು ಮಗ್ಗದಕ್ಕ. ಪಾಪುವಿನ ಜೊಲ್ಲು ಒರೆಸಿ, ಒಲೆಯ ಮೇಲೆ ಇನ್ನೊಂದು ಲೋಟ ನೀರು ಹೆಚ್ಚಿಗೆ ಇಟ್ಟಳು.